ನೂರೆರಡು ಅಂತಸ್ತಿನ ಆಸೆ

ಬೆಟ್ಟಯ್ಯನ ಹೆಸರಲ್ಲಷ್ಟೇ ಬೆಟ್ಟ. ನಲವತ್ತೊಂದು ವರ್ಷದಿಂದ ಆತ ಒಂದು ಏಣಿಯನ್ನೂ ಹತ್ತಿದವನಲ್ಲ.

ಕಾಲಿಗೆ ಊನವಿರಲಿಲ್ಲ, ತಲೆಸುತ್ತಿನ ಕಾಯಿಲೆಯೂ ಇರಲಿಲ್ಲ. ಇದ್ದದ್ದು ಒಂದು ನೇಮ. ಗುರು ಕೆಳಗಿರುವಾಗ ಶಿಷ್ಯ ಮೇಲಿರಬಾರದು.

ಕಪಿಲಾ ನದಿಯ ದಂಡೆಯ ಮೇಲೆ ಆಶ್ರಮ. ಅಲ್ಲಿನ ಗುರುಗಳನ್ನು ಸುತ್ತಲ ಜನ ಹೊಳೆಸ್ವಾಮಿಗಳು ಅನ್ನುತ್ತಿದ್ದರು. ಅವರು ಜಗಲಿಯಲ್ಲಿ ಕೂತರೆ ಬೆಟ್ಟಯ್ಯ ಅಂಗಳದಲ್ಲಿ. ಅವರು ಅಂಗಳಕ್ಕೆ ಇಳಿದರೆ ಈತ ಹೊಳೆಯ ಮೆಟ್ಟಿಲಲ್ಲಿ. ಅವರು ಕೊನೇ ಮೆಟ್ಟಿಲಲ್ಲಿ ಕೂತು ಕಾಲು ತೊಳೆಯುತ್ತಿದ್ದರೆ ಈತ ಎದೆಮಟ್ಟ ನೀರಿಗೆ ಇಳಿದು ನಿಂತಿರುತ್ತಿದ್ದ, ಮಾಗಿ ಚಳಿಯಲ್ಲೂ!

ಭಕ್ತರು ಆಶ್ರಮಕ್ಕೆ ಮಹಡಿ ಕಟ್ಟಿಸಿಕೊಟ್ಟು ಹದಿನೆಂಟು ವರ್ಷವಾಗಿತ್ತು. ಅದು ಒಳಗೆ ಹೇಗಿದೆ ಅಂತ ಬೆಟ್ಟಯ್ಯನಿಗೆ ಗೊತ್ತಿರಲಿಲ್ಲ.

"ಒಂದ್ಸಲ ಹತ್ತಿ ನೋಡಯ್ಯಾ, ಗಾಳಿ ಎಷ್ಟು ಚೆನ್ನಾಗಿ ಬೀಸುತ್ತೆ" ಅಂತ ಯಾರೋ ಕರೆದಿದ್ದರು.

"ಬುದ್ಧಿಯೋರು ಕೆಳಗವ್ರೆ" ಅಂದ ಬೆಟ್ಟಯ್ಯ.

ಗುರುಗಳ ಕಿವಿಗೆ ಆ ಮಾತು ಬಿದ್ದಿತ್ತು. ಮುಗುಳ್ನಕ್ಕರು, ಅಷ್ಟೇ.

ಇಂಥವನಿಗೆ ಇದ್ದ ಆಸೆ ಯಾವುದು ಗೊತ್ತೇ? ನಗಬೇಡಿ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗಿನ ತುದಿಯಲ್ಲಿ ನಿಲ್ಲಬೇಕು!

ಅದು ಒಂಬತ್ತನೇ ವಯಸ್ಸಿನಲ್ಲಿ ಹತ್ತಿದ ಹುಚ್ಚು. ಬೆಟ್ಟಯ್ಯನ ಅಪ್ಪ ಬಾವಿ ತೋಡುವವನು. ಒಂದು ಆಸ್ಪತ್ರೆಯ ಹಿತ್ತಲಲ್ಲಿ ಬಾವಿ ಕೆಲಸ ನಡೆದಿತ್ತು. ನೀರು ಕುಡಿಯಲು ಒಳಗೆ ಹೋದ ಹುಡುಗ ಡಾಕ್ಟರ ಗೋಡೆಯ ಕ್ಯಾಲೆಂಡರಿನಲ್ಲಿ ಮೋಡಕ್ಕೆ ಚುಚ್ಚಿಕೊಂಡ ಒಂದು ಕಟ್ಟಡ ಕಂಡ.

"ಇದೇನು ಸಾ?"

"ಕಟ್ಟಡ ಕಣೋ. ನೂರೆರಡು ಅಂತಸ್ತು."

ಹುಡುಗ ಬಾವಿಯ ಬಾಯಿಗೆ ಓಡಿಬಂದು, ಒಳಗೆ ಮಣ್ಣು ಅಗೆಯುತ್ತಿದ್ದ ಅಪ್ಪನಿಗೆ ಕೂಗಿ ಹೇಳಿದ. "ಅಪ್ಪಾ, ನಾನು ನೂರೆರಡರ ಮೇಲೆ ನಿಂತ್ಕೋಬೇಕು!"

"ನಮ್ದು ಇಳಿಯೋ ಕುಲ ಕಣ್ಲಾ ಮಗ" ಅಂತ ಅಪ್ಪ ಕೆಳಗಿನಿಂದಲೇ ನಕ್ಕ. "ಮೊದಲು ಮಣ್ಣಿನ ಮಂಕರಿ ಎಳಿ."

ಅಪ್ಪ ಹೋದ. ಬಾವಿ ಕೆಲಸವೂ ಹೋಯಿತು. ಇಪ್ಪತ್ತಕ್ಕೆ ಬೆಟ್ಟಯ್ಯ ಆಶ್ರಮ ಸೇರಿದ. ಮದುವೆಯ ಆಸೆ ಬಿಟ್ಟ, ನಾಲಿಗೆಯ ರುಚಿ ಬಿಟ್ಟ, ಬೀಡಿಯನ್ನೂ ಬಿಟ್ಟ. ನೂರೆರಡು ಮಾತ್ರ ಬಿಡಲಿಲ್ಲ. ಬಿಡಲಿಲ್ಲ ಅಂತ ಒಳಗೊಳಗೇ ನಾಚಿಕೆಪಡುತ್ತಿದ್ದ.

ಪ್ರತಿ ಶಿವರಾತ್ರಿಗೆ ಗುರುಗಳು ಕೇಳುವರು. "ಬೆಟ್ಟ, ಏನಾದ್ರೂ ಆಸೆ ಉಳಿದಿದೆಯಾ?"

"ಇಲ್ಲ ಬುದ್ಧಿ."

ಹೀಗೆ ವರ್ಷಕ್ಕೊಂದು ಸುಳ್ಳು.

ಕೊನೆಗೆ ಒಂದು ದಿನ ಸಿಕ್ಕಿಬಿದ್ದ. ಅಮೆರಿಕದಲ್ಲಿ ನರ್ಸ್ ಆಗಿರುವ ಇಂದುಮತಿ ಅನ್ನುವ ಭಕ್ತೆ ಆಶ್ರಮಕ್ಕೆ ಬಂದಿದ್ದರು. ಅವರ ಎಲೆಗೆ ಹುಳಿ ಬಡಿಸುತ್ತಾ ಬೆಟ್ಟಯ್ಯ ಮೆಲ್ಲಗೆ ಕೇಳಿದ.

"ಅವ್ವಾ, ನಿಮ್ಮ ಕಡೆ ಆ ನೂರೆರಡು ಅಂತಸ್ತಿನದು ಇನ್ನೂ ಅದಾ?"

"ಯಾವುದಣ್ಣಾ? ಎಂಪೈರ್ ಸ್ಟೇಟಾ? ಇದೆಯಲ್ಲ!"

"ಹತ್ತೋಕೆ ಬಿಡ್ತಾರಾ?"

"ದುಡ್ಡು ಕೊಟ್ಟರೆ ಯಾರನ್ನಾದರೂ ಬಿಡ್ತಾರೆ."

ಬೆಟ್ಟಯ್ಯನ ಸೌಟು ಅಲ್ಲೇ ನಿಂತಿತು. ಇಂದುಮತಿಯ ಎಲೆಯಲ್ಲಿ ಹುಳಿ ಹೊಳೆಯಾಗಿ ಹರಿಯಿತು. ಜಗಲಿಯ ಮೇಲಿದ್ದ ಗುರುಗಳು ಅತ್ತ ನೋಡಿದರು.

"ಇಂದುಮತಿ, ಪ್ರವಚನಕ್ಕೆ ಬನ್ನಿ ಅಂತ ಆರು ವರ್ಷದಿಂದ ಕರೀತಿದ್ದೀಯಲ್ಲಮ್ಮ."

"ಹೌದು ಬುದ್ಧಿ. ನೀವು ಒಪ್ಪಿದ್ದೇ ಇಲ್ಲ."

"ಈ ಸಲ ಬರ್ತೀನಿ. ಜೊತೆಗೆ ಬೆಟ್ಟ."

ವಿಮಾನದಲ್ಲಿ ಇಬ್ಬರಿಗೂ ಅಕ್ಕಪಕ್ಕದ ಸೀಟು, ಒಂದೇ ಎತ್ತರ. ಅಯ್ಯೋ ಪಾಪ, ಬೆಟ್ಟಯ್ಯ ದಾರಿಯುದ್ದಕ್ಕೂ ಸೀಟಿನಲ್ಲಿ ಕುಸಿದು, ಗುರುಗಳ ಹೆಗಲಿಗಿಂತ ತನ್ನ ತಲೆ ತಗ್ಗಿನಲ್ಲಿ ಇರುವ ಹಾಗೆ ಕೂತಿದ್ದ. ಇಳಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು. ಗುರುಗಳು ಕಣ್ಣು ಮುಚ್ಚಿದ್ದವರು ತೆರೆಯಲೇ ಇಲ್ಲ. ಎಂಥ ಧ್ಯಾನ ಅಂತ ಬೆಟ್ಟಯ್ಯ ಮನಸ್ಸಿನಲ್ಲೇ ಕೈಮುಗಿದ.

ಗುರುಗಳಿಗೆ ಮಂಡಿನೋವು ಅಂತ ಇಂದುಮತಿ ತಮ್ಮ ಮನೆಯ ಕೆಳಗಿನ ಕೋಣೆ ಕೊಟ್ಟು, ಬೆಟ್ಟಯ್ಯನಿಗೆ ಮಹಡಿಯ ಕೋಣೆ ತೋರಿಸಿದರು.

"ಇದಕ್ಕಿಂತ ಕೆಳಗೆ ಏನಾದ್ರೂ ಅದಾ ಅವ್ವಾ?"

ನೆಲಮಾಳಿಗೆ ಇತ್ತು. ಬಟ್ಟೆ ಒಗೆಯುವ ಮಿಷನ್ನಿನ ಪಕ್ಕದಲ್ಲಿ ಹತ್ತು ದಿನ ಹಾಯಾಗಿ ಮಲಗಿದ.

ಪ್ರವಚನಗಳು ಮುಗಿದವು. ಹೊರಡಲು ಇನ್ನೆರಡು ದಿನ ಇದ್ದಾಗ ಇಂದುಮತಿ ನೂರೆರಡಕ್ಕೆ ಟಿಕೆಟ್ ತೆಗೆಸಲು ಕೂತರು. ಬೆಟ್ಟಯ್ಯ ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದ. ನೋಡುವವರು ನಿಲ್ಲುವ ತಾಣ ಅಲ್ಲಿ ಎರಡು. ಎಂಬತ್ತಾರನೇ ಅಂತಸ್ತಿನಲ್ಲಿ ಒಂದು, ನೂರೆರಡನೆಯದರಲ್ಲಿ ಒಂದು.

"ಬುದ್ಧಿಯೋರಿಗೆ ನೂರೆರಡು. ನಂಗೆ ಎಂಬತ್ತಾರು" ಅಂದ.

"ಅಣ್ಣಾ, ಆಸೆ ನಿಮ್ಮದಲ್ವಾ?"

"ಎಂಬತ್ತಾರೇನು ಕಮ್ಮಿಯಾ ಅವ್ವಾ? ಅವರು ಮೇಲೆ, ನಾನು ಕೆಳಗೆ. ಆಸೆಯೂ ತೀರ್ತು, ನೇಮವೂ ಉಳೀತು."

ತನ್ನ ಜಾಣತನಕ್ಕೆ ತಾನೇ ಬೀಗಿದ.

ಮಾರನೆಯ ದಿನ ಮಧ್ಯಾಹ್ನ. ಕಟ್ಟಡದಿಂದ ಒಂದು ರಸ್ತೆಯ ಆಚೆ ಚಿಕ್ಕದೊಂದು ಚೌಕ, ಅಲ್ಲಿ ಕಬ್ಬಿಣದ ಕುರ್ಚಿಗಳು, ಪಾರಿವಾಳಗಳು. ಗುರುಗಳು ಕುರ್ಚಿಯಲ್ಲಿ ಕೂತರು. ಬೆಟ್ಟಯ್ಯ ನೆಲದಲ್ಲಿ ಕೂತು ಕತ್ತು ಹಿಂದಕ್ಕೆ ಚೆಲ್ಲಿ ನೋಡಿದ. ಕ್ಯಾಲೆಂಡರಿನಲ್ಲಿ ಅಂಗೈಯಗಲ ಇದ್ದದ್ದು ಆಕಾಶಕ್ಕೆ ಹೋಗಿ ನಿಂತಿತ್ತು. ನೋಡುತ್ತಾ ನೋಡುತ್ತಾ ಕಣ್ಣಲ್ಲಿ ನೀರು ತುಂಬಿತು.

"ಹೊರಡೋಣ್ವಾ ಬುದ್ಧಿ? ಮೂರಕ್ಕೆ ನಮ್ಮ ಸರದಿ" ಅಂದರು ಇಂದುಮತಿ.

"ಬೆಟ್ಟ ಹೋಗಿ ಬರಲಿ" ಅಂದರು ಗುರುಗಳು. "ನಾನಿಲ್ಲೇ ಕೂತಿರ್ತೀನಿ."

ಬೆಟ್ಟಯ್ಯ ಗಕ್ಕನೆ ಗುರುಗಳ ಕಡೆ ತಿರುಗಿದ.

"ನೀವು ಬರಲ್ವಾ ಬುದ್ಧಿ?"

"ನಂಗೆ ಭಯ ಕಣೋ."

"ಭಯಾನಾ? ನಿಮಗಾ?"

"ಎತ್ತರ ಅಂದ್ರೆ ಚಿಕ್ಕಂದಿನಿಂದ ಭಯ. ಬಾವಿಗೆ ಬಗ್ಗಿದ್ರೂ ಕಣ್ಣು ಕತ್ತಲೆ ಬರುತ್ತೆ."

"ವಿಮಾನದಲ್ಲಿ ಅಷ್ಟು ಹೊತ್ತು ಧ್ಯಾನ ಮಾಡ್ತಾ ಕೂತಿದ್ರಲ್ಲ!"

"ಧ್ಯಾನವೂ ಇಲ್ಲ, ಮಣ್ಣೂ ಇಲ್ಲ. ಹೆದರಿ ಕಣ್ಣು ಮುಚ್ಕೊಂಡಿದ್ದೆ."

ಬೆಟ್ಟಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಊರಲ್ಲೇ ಹೇಳಬಾರದಿತ್ತಾ ಬುದ್ಧಿ?"

"ಹೇಳಿದ್ರೆ ನೀನು ಹೊರಡ್ತಿದ್ಯಾ?"

ಹೊರಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಬೆಟ್ಟಯ್ಯ ಕಟ್ಟಡ ನೋಡಿದ, ಗುರುಗಳನ್ನು ನೋಡಿದ. ಐವತ್ತೆರಡು ವರ್ಷ ಕಾದಿದ್ದಾನೆ. ನಾಳೆ ಬೆಳಿಗ್ಗೆ ವಿಮಾನ. ಇನ್ನೊಮ್ಮೆ ಬರುವ ಮಾತು ಈ ಜನ್ಮದಲ್ಲಿ ಇಲ್ಲ.

"ಹಾಗಾದ್ರೆ ನಾನೂ ಹೋಗಲ್ಲ" ಅಂದ. "ನಿಮ್ಮ ತಲೆ ಮೇಲೆ ಹೋಗಿ ನಿಲ್ಲೋ ಪಾಪ ನಂಗೆ ಬೇಡ. ಕಣ್ಣಲ್ಲಿ ನೋಡಿದ್ನಲ್ಲ, ಸಾಕು."

"ಸಾಕಾ?"

"ಸಾಕು ಬುದ್ಧಿ."

"ಶಿವರಾತ್ರಿ ಸುಳ್ಳನ್ನ ಇವತ್ತೂ ಹೇಳ್ತೀಯಲ್ಲೋ."

ಬೆಟ್ಟಯ್ಯ ತಲೆ ತಗ್ಗಿಸಿದ. ಅಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆಯಿತು.

"ಬುದ್ಧಿ, ನಿಮ್ಮ ಪಾದುಕೆ ಕೊಡಿ! ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ. ಆಗ ನೀವೇ ಮೇಲಿದ್ದ ಹಾಗೆ."

ಗುರುಗಳು ತಮ್ಮ ಕಾಲು ನೋಡಿಕೊಂಡರು. ಚಳಿಗೆಂದು ಹಾಕಿಸಿದ್ದ ಕರೀ ಬೂಟು ಅಲ್ಲಿದ್ದವು.

"ಇದೆಲ್ಲಿಯ ಪಾದುಕೆಯೋ? ಇಂದುಮತಿ ಯಜಮಾನರ ಬೂಟು!"

ಇಂದುಮತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬೆಟ್ಟಯ್ಯ ನಗಲಿಲ್ಲ. ಮುಂದೆ ಬಂದು ಬೂಟಿನ ದಾರಕ್ಕೇ ಕೈ ಹಾಕಿದ.

"ಯಾರ ಬೂಟಾದ್ರೂ ಆಗಲಿ, ನಿಮ್ಮ ಪಾದ ಸೋಕಿದೆ."

ಗುರುಗಳು ಅವನ ಕೈ ಹಿಡಿದುಕೊಂಡರು.

"ನಲವತ್ತೊಂದು ವರ್ಷ ನನ್ನ ಹೊತ್ತಿದ್ದೀಯ. ಒಂದು ಗಳಿಗೆ ಇಳಿಸೋ ಪುಣ್ಯಾತ್ಮ."

"ಹೆಂಗೆ ಇಳಿಸಲಿ ಬುದ್ಧಿ? ನೇಮ ಕೊಟ್ಟೋರೇ ನೀವು."

"ನಾನ್ಯಾವಾಗ ಕೊಟ್ಟೆ?"

"ಮರೆತ್ರಾ? ನಾನು ಬಂದ ಮೂರನೇ ದಿನ. ಕೊಟ್ಟಿಗೆ ಮೇಲೆ ಹತ್ತಿ ಹೆಂಚು ಸರಿ ಮಾಡ್ತಿದ್ದೆ. ನೀವು ಕೆಳಗೆ ನಿಂತು ಗದರಿಸಿದ್ರಿ, 'ಇಳಿಯೋ ಕೆಳಗೆ' ಅಂತ. ಗುರು ನೆಲದ ಮೇಲೆ ನಿಂತಿದ್ದಾರೆ, ನಾನು ಮೇಲಿದ್ದೀನಿ, ಎಂಥ ಅಪಚಾರ ಅನ್ನಿಸ್ತು. ಅವತ್ತೇ ನೇಮ ಹಿಡಿದೆ."



"ತೊಲೆಗೆ ಗೆದ್ದಲು ಹತ್ತಿತ್ತು ಕಣೋ" ಅಂದರು ಗುರುಗಳು. "ನೀನು ಬಿದ್ದು ಸೊಂಟ ಮುರ್ಕೋತೀಯ ಅಂತ ಕೂಗಿದ್ದು ಅದು."

ಮಾಗಿಯ ಹೊಳೆ ನೀರು, ಹತ್ತದೇ ಉಳಿದ ಮಹಡಿ, ನೆಲಮಾಳಿಗೆ, ಎಲ್ಲ ಒಟ್ಟಿಗೆ ಬೆಟ್ಟಯ್ಯನ ಕಣ್ಮುಂದೆ ಬಂತು. ಗುರುವಿನ ಮೇಲೆ ಎಂದೂ ಬಾರದ ಸಿಟ್ಟು ಅವತ್ತು ಬಂತು.

"ಹಂಗಾದ್ರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ? ನಾನು ನಿಮಗಿಂತ ತಗ್ಗಿನಲ್ಲಿ ನಡೆಯೋದು ನಿಮಗೆ ಕಾಣ್ತಿರಲಿಲ್ವಾ?"

ದನಿ ಜೋರಾಯಿತು. ಪಾರಿವಾಳಗಳು ಎದ್ದು ಹಾರಿದವು. ಇಂದುಮತಿ ಗಾಬರಿಯಾದರು.

ಗುರುಗಳು ಕಣ್ಣು ತಪ್ಪಿಸಲಿಲ್ಲ.

"ಕಾಣ್ತಿತ್ತು. ಇದ್ಯಾಕೆ ಹಿಡಿದೆ ಅಂತ ಮಾತ್ರ ಇವತ್ತೇ ಗೊತ್ತಾಗಿದ್ದು. ಮೊದಮೊದಲು, ಹುಡುಗ, ತಾನೇ ಬಿಡ್ತಾನೆ ಅಂದ್ಕೊಂಡೆ. ಆಮೇಲೆ..."

"ಆಮೇಲೆ?"

"ಆಮೇಲೆ ಹಿತವಾಗಿತ್ತು ಕಣೋ. ಒಬ್ಬ ದಿನಾ ನಿನಗಿಂತ ತಗ್ಗಿನಲ್ಲಿ ಕೂತ್ರೆ ನಿಂಗೂ ಹಿತವಾಗುತ್ತೆ. ಸಾವಿರ ಜನಕ್ಕೆ ಅಹಂಕಾರ ಬಿಡಿ ಅಂತ ಹೇಳ್ದೆ. ನನ್ನ ಕಾಲ ಬುಡದಲ್ಲಿ ಇದ್ದದ್ದನ್ನ ಬಿಡಲಿಲ್ಲ. ತಪ್ಪು ನಂದು."

ಹಾಗೆ ಅಂದವರು ಎಂಬತ್ತೆರಡು ವರ್ಷದ ಆ ಮುದುಕರು. ಅದೂ ಪರದೇಶದ ಬೀದಿಯಲ್ಲಿ ಕೂತು, ಯಾರದೋ ಬೂಟು ಹಾಕಿಕೊಂಡು. ಬೆಟ್ಟಯ್ಯನ ಸಿಟ್ಟು ಇಳಿಯಿತು. ಅದರ ಜಾಗದಲ್ಲಿ ಹೆದರಿಕೆ ಬಂತು.

"ಈ ನೇಮ ಬಿಟ್ಟರೆ ನಾನ್ಯಾರು ಬುದ್ಧಿ?"

"ಹೋಗಿ ನೋಡ್ಕೊಂಡು ಬಾ."

ಗುರುಗಳು ತಮ್ಮ ಟಿಕೆಟ್ಟನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅದು ನೂರೆರಡನೇ ಅಂತಸ್ತಿನದು.

ಇಂದುಮತಿ ಬಾಗಿಲ ತನಕ ಬಂದು, ಅಲ್ಲಿದ್ದವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ಅವನನ್ನು ಒಳಗೆ ಕಳಿಸಿ ಗುರುಗಳ ಹತ್ತಿರ ಮರಳಿದರು.

ಲಿಫ್ಟಿನಲ್ಲಿ ಬೆಟ್ಟಯ್ಯ ಅಭ್ಯಾಸಬಲದಿಂದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬಾಗಿಲ ಮೇಲೆ ಅಂಕಿ ಓಡತೊಡಗಿತು. ಹತ್ತು, ಮೂವತ್ತು, ಐವತ್ತು. ಕಿವಿ ಗುಂಯ್ ಅಂದಿತು. ಪಕ್ಕದಲ್ಲಿದ್ದ ಬಿಳೀ ಕೂದಲಿನ ಅಜ್ಜಿಯೊಬ್ಬಳು ಇವನಿಗೆ ಮೈ ಸರಿಯಿಲ್ಲ ಅಂದುಕೊಂಡು ಬಗ್ಗಿ ಕೈ ನೀಡಿದಳು. ಯಾವ ಭಾಷೆಯೋ, ಏನಂದಳೋ. ಬೆಟ್ಟಯ್ಯ ಆ ಕೈ ಹಿಡಿದು ಎದ್ದು ನಿಂತ. ಎಂಬತ್ತು ಬರುವ ಹೊತ್ತಿಗೆ ಬೆನ್ನು ನೆಟ್ಟಗಾಗಿತ್ತು.

ಎಂಬತ್ತಾರರಲ್ಲಿ ಬಯಲಿಗೆ ಕಾಲಿಟ್ಟ. ಅಬ್ಬಬ್ಬಾ, ಏನು ಗಾಳಿ! ಪಂಚೆಯನ್ನು ಕಿತ್ತೊಯ್ಯುವ ಹಾಗೆ ಬಂತು. ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ಕಂಬಿ ಹಿಡಿದು ಬಗ್ಗಿ, ಮೊದಲು ಹುಡುಕಿದ್ದು ಗುರುಗಳನ್ನೇ.

ಕಾಣಲಿಲ್ಲ. ಚೌಕ ಯಾವುದು, ಬೀದಿ ಯಾವುದು ಒಂದೂ ತಿಳಿಯಲಿಲ್ಲ. ಮನುಷ್ಯರು ರಾಗಿ ಕಾಳಿನಷ್ಟಾಗಿದ್ದರು. ರಾಗಿ ಕಾಳಿನಲ್ಲಿ ಗುರು ಯಾರು, ಬೇರೆಯವರು ಯಾರು?

ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಗುರು ಎಲ್ಲಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ಎದೆ ಒಮ್ಮೆ ಹೊಡೆದುಕೊಂಡಿತು, ಆಮೇಲೆ ಸುಮ್ಮನಾಯಿತು.

ಅಲ್ಲಿಂದ ಇನ್ನೊಂದು ಚಿಕ್ಕ ಲಿಫ್ಟು ನೂರೆರಡಕ್ಕೆ ಒಯ್ದಿತು. ಸುತ್ತಲೂ ನೆಲದಿಂದ ಸೂರಿನ ತನಕ ಗಾಜು. ಬೆಟ್ಟಯ್ಯ ಗಾಜಿಗೆ ಹಣೆ ಆನಿಸಿ ನಿಂತ.

ಎಷ್ಟು ಹೊತ್ತು ನಿಂತಿದ್ದನೋ. ಹಿಂದಿನವರು ಮುಂದೆ ಬಂದರು, ಹೋದರು, ಮತ್ತೆ ಯಾರೋ ಬಂದರು. ಇವನು ನಗುತ್ತಿದ್ದ, ಅಳುತ್ತಲೂ ಇದ್ದ. ಮೈಯೆಲ್ಲ ಸಂತೋಷವಾಗಿತ್ತು. ಕೊನೆಗೆ ಕೆಲಸದವನೊಬ್ಬ ಬಂದು ಭುಜ ತಟ್ಟಿದಾಗಲೇ ಎಚ್ಚರ.

ಕೆಳಗೆ ಬಾಗಿಲಲ್ಲಿ ಇಂದುಮತಿ ಕಾಯುತ್ತಿದ್ದರು. "ಹೇಗಿತ್ತಣ್ಣಾ?" ಅಂದರು. ಬೆಟ್ಟಯ್ಯ ಚೌಕದ ಕಡೆ ಓಡುನಡಿಗೆಯಲ್ಲಿ ಹೊರಟ. ಮುಖದಲ್ಲಿ ಇದ್ದ ಸಂತೋಷಕ್ಕೆ ದಾರಿಯಲ್ಲೇ ಅಳುಕು ಸೇರಿತ್ತು.

ಬಂದವನೇ ಗುರುಗಳ ಕಾಲಿಗೆ ಬಿದ್ದ.

"ತಪ್ಪಾಯ್ತು ಬುದ್ಧಿ."

"ಏನಾಯ್ತೋ? ಮೇಲಕ್ಕೆ ಹೋಗಲಿಲ್ವಾ?"

"ಹೋದೆ. ಮೊದಲು ನಿಮ್ಮನ್ನೇ ಹುಡುಕಿದೆ. ಸಿಗಲಿಲ್ಲ. ಆಮೇಲೆ..." ಅವನು ಬೂಟಿಗೆ ಹಣೆ ಒತ್ತಿದ. "ಆಮೇಲೆ ನಿಮ್ಮನ್ನ ಮರೆತೇಬಿಟ್ಟೆ. ಪೂರ್ತಿ ಮರೆತೆ ಬುದ್ಧಿ. ಬೇಜಾರೂ ಆಗಲಿಲ್ಲ, ಖುಷಿಯಾಗೇ ಇದ್ದೆ."

ಗುರುಗಳ ಮುಖ ಅರಳಿತು. ಆಶ್ರಮದ ಯಾವ ಹಬ್ಬದಲ್ಲೂ ಬೆಟ್ಟಯ್ಯ ಆ ಮುಖ ಕಂಡಿರಲಿಲ್ಲ.

ಅವರು ಮಂಡಿ ಹಿಡಿದುಕೊಂಡು ಎದ್ದರು. ಬೆಟ್ಟಯ್ಯನ ರಟ್ಟೆ ಹಿಡಿದು ಮೇಲಕ್ಕೆತ್ತಿ, ತಾವು ಕೂತಿದ್ದ ಕುರ್ಚಿಯಲ್ಲಿ ಕೂರಿಸಿದರು. ಅವನು ಧಡಕ್ಕನೆ ಏಳಲು ಹೋದ. ಹೆಗಲು ಅದುಮಿ ಮತ್ತೆ ಕೂರಿಸಿದರು.

ಆಮೇಲೆ ಕುರ್ಚಿಯ ಅಂಚು ಹಿಡಿದು, ನೋಯುವ ಮಂಡಿಯನ್ನು ಮಡಚಿ, ಮೆಲ್ಲಗೆ ಅವನ ಎದುರು ನೆಲದ ಮೇಲೆ ಕೂತರು. ಕೂತು, ಕತ್ತೆತ್ತಿ ಅವನ ಮುಖ ನೋಡಿದರು.

"ಅಯ್ಯೋ, ಬುದ್ಧಿ! ಇದೇನಿದು, ಏಳಿ!"

"ಸುಮ್ನಿರೋ" ಅಂದರು ಗುರುಗಳು. "ನನ್ನ ಮರೆತಿದ್ದಾಗ ಏನೇನು ಕಂಡೆ, ಅದನ್ನ ಹೇಳು."